ಒದ್ದೆ ಮರಳು ನುಂಗಿದ ಜ್ವರ

ಬೀದಿಯ ಜನರೆಲ್ಲ ಅವನನ್ನು ಕೆನ್ನೆಯಣ್ಣ ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ಅವನು ಎಡಗೆನ್ನೆಯನ್ನು ಮಾತ್ರ ನುಣ್ಣಗೆ ಬೋಳಿಸಿಕೊಳ್ಳುತ್ತಿದ್ದ. ಬಲಗೆನ್ನೆಯ ಸರದಿ ವಾರಕ್ಕೊಮ್ಮೆ, ಅದೂ ಹೆಂಡತಿ ಗೊಣಗಿದರೆ. ಹೊಸಬರು ಅವನ ಮುಖ ನೋಡಿ ನಗು ತಡೆಯಲಾಗದೆ ಆಚೆ ತಿರುಗುತ್ತಿದ್ದರು. ಕ್ಷೌರದಂಗಡಿಯವನಂತೂ ರಸ್ತೆಯಾಚೆಯಿಂದಲೇ, "ಬಾರಣ್ಣಾ, ಇನ್ನರ್ಧ ನಾನು ಪುಕ್ಕಟೆ ಕೆರೆದ್ಕೊಡ್ತೀನಿ, ನಿನ್ನ ನೋಡಿದ್ರೆ ನನ್ನ ಕಸುಬಿಗೇ ಅವಮಾನ" ಎಂದು ಕೂಗುತ್ತಿದ್ದ.

ಆದರೆ ಆ ಎಡಗೆನ್ನೆ ಅವನ ಕೆಲಸದ ಸಾಮಾನು. ಹಳೆಯ ಕರೆಂಟ್ ಸ್ಕೂಟರುಗಳ ಬ್ಯಾಟರಿ ಪೆಟ್ಟಿಗೆಗಳನ್ನು ಗುಜರಿಯವನು ತಂದು ಅವನ ಅಂಗಡಿಯ ಮುಂದೆ ಸುರಿಯುತ್ತಿದ್ದ. ಒಂದೊಂದು ಪೆಟ್ಟಿಗೆಯೊಳಗೂ ಬೆರಳುದ್ದದ ಸೆಲ್ಲುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಪೆಟ್ಟಿಗೆ ಕೆಟ್ಟಿತೆಂದರೆ ಅವೆಲ್ಲ ಕೆಟ್ಟವೆಂದಲ್ಲ. ನಾಲ್ಕಾರು ಹಾಳಾಗಿ ಉಳಿದವುಗಳ ಹೆಸರನ್ನೂ ಕೆಡಿಸಿರುತ್ತವೆ. ಅವನೂ ಹೆಂಡತಿಯೂ ಪೆಟ್ಟಿಗೆ ಸೀಳಿ, ಸೆಲ್ಲುಗಳನ್ನು ಬಿಡಿಸಿ, ತಗಡಿನ ತಟ್ಟೆಯಲ್ಲಿ ಸಾಲಾಗಿಟ್ಟು ಚಾರ್ಜಿಗೆ ಹಾಕುತ್ತಿದ್ದರು. ಚಾರ್ಜು ಏರುವಾಗ ಗಟ್ಟಿ ಸೆಲ್ ತಣ್ಣಗಿರುತ್ತದೆ. ಒಳಗೆ ಗಾಯವಾದದ್ದು ಮೆಲ್ಲನೆ ಬಿಸಿಯೇರುತ್ತದೆ. ಅಂಥದ್ದಕ್ಕೆ ಈ ಕಸುಬಿನವರು ಜ್ವರದ ಸೆಲ್ ಅನ್ನುತ್ತಾರೆ. ಒಂದೇ ಒಂದು ಜ್ವರದ ಸೆಲ್ ಹೊಸ ಪೆಟ್ಟಿಗೆಯೊಳಗೆ ಸೇರಿಕೊಂಡರೆ ಒಂದು ದಿನ ಅದು ಉರಿಯುತ್ತದೆ, ಪಕ್ಕದ್ದನ್ನೂ ಉರಿಸುತ್ತದೆ, ಆಮೇಲೆ ನೀರು ಸುರಿದರೂ ಆರುವುದಿಲ್ಲ. ಕೆನ್ನೆಯಣ್ಣನ ಬೆರಳುಗಳ ಚರ್ಮ ಹಳೆಯ ಚಪ್ಪಲಿಯಂತೆ ದಪ್ಪವಾಗಿತ್ತು, ಅದಕ್ಕೆ ಇಂಥ ಸಣ್ಣ ಬಿಸಿ ತಿಳಿಯುತ್ತಿರಲಿಲ್ಲ. ಹಾಗಾಗಿ ಒಂದೊಂದನ್ನೂ ಎತ್ತಿ ಎಡಗೆನ್ನೆಗೆ ಒತ್ತಿ, ಕ್ಷಣ ಕಣ್ಣು ಮುಚ್ಚಿ, ಒಳ್ಳೆಯದನ್ನು ಬಲಕ್ಕೂ ಜ್ವರದ್ದನ್ನು ಮರಳಿನ ಬಕೆಟ್ಟಿಗೂ ಹಾಕುತ್ತಿದ್ದ. ಕೆನ್ನೆ ದಾಟಿದವು ಮತ್ತೆ ಎರಡು ವಾರ ಕಪಾಟಿನಲ್ಲಿ ಸುಮ್ಮನೆ ಮಲಗಬೇಕಿತ್ತು. ಆಮೇಲೆ ಮೀಟರು ಹಿಡಿದು ನೋಡುತ್ತಿದ್ದರು. ಮಲಗಿದಲ್ಲೇ ಚಾರ್ಜು ಸೋರಿಸಿಕೊಂಡದ್ದು ಸಿಕ್ಕರೆ ಅದೂ ಬಕೆಟ್ಟಿಗೆ. ಎರಡು ಜರಡಿ ದಾಟಿದ ಮಾಲನ್ನು ಮಾತ್ರ ಹೆಂಡತಿ ಬೆಸುಗೆ ಹಾಕಿ ಜೋಡಿಸುತ್ತಿದ್ದಳು. ತಳ್ಳುಗಾಡಿಯ ದೀಪಕ್ಕೆ, ಸಣ್ಣ ಅಂಗಡಿಗಳ ಫ್ಯಾನಿಗೆ, ಮನೆಗಳಿಗೆ ಅವು ಹೋಗುತ್ತಿದ್ದವು.

ಅವನು ಮೊದಲು ಎಂಜಿನ್ ರಿಪೇರಿಯವನು. ಅಪ್ಪ ಅಮ್ಮ ಹೋದಾಗ ಅವನಿನ್ನೂ ಚಡ್ಡಿಯಲ್ಲಿದ್ದ. ಸಾಕಿದ್ದು ಅಕ್ಕ. ಅಕ್ಕ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಸ್ತ್ರಿ ವಿಭಾಗದಲ್ಲಿದ್ದಳು. ಇಡೀ ದಿನ ಹಬೆ ಕಾರುವ ಇಸ್ತ್ರಿಪೆಟ್ಟಿಗೆಯ ಮುಂದೆ ನಿಂತು ಯಾರದೋ ಅಂಗಿಯ ಕಾಲರುಗಳನ್ನು ಒತ್ತಿ ಒತ್ತಿ ಅವಳ ಬಲಗೈ ಎಡಗೈಗಿಂತ ದಪ್ಪಗಾಗಿತ್ತು. ಆ ದುಡಿಮೆಯಲ್ಲೇ ಅವನನ್ನು ಗ್ಯಾರೇಜಿಗೆ ಸೇರಿಸಿದಳು, ಕೈಗೆ ಸ್ಪ್ಯಾನರ್ ಸೆಟ್ ಕೊಡಿಸಿದಳು, ಅವನಿಗೆ ಮದುವೆ ಮಾಡಿದಳು. ತಾನು ಮಾತ್ರ ಆಗಲಿಲ್ಲ. ಕೇಳಿದವರಿಗೆಲ್ಲ, "ದಿನಾ ಸಾವಿರ ಗಂಡಸರ ಅಂಗಿ ಮುಟ್ತೀನಿ, ಒಬ್ಬನದ್ದೂ ಸುಕ್ಕು ಹೋಗಿಲ್ಲ, ಇನ್ನು ಮನೆಗೊಬ್ಬನ್ನ ಯಾಕೆ ತಂದ್ಕೊಳ್ಲಿ?" ಅನ್ನುತ್ತಿದ್ದಳು.

ಆ ಕಾಲದಲ್ಲಿ ಅವನ ಕಿವಿ ಹೆಸರಾಗಿತ್ತು. ಸ್ಕೂಟರ್ ಬೀದಿಯ ತಿರುವಿನಲ್ಲಿರುವಾಗಲೇ ಅದರ ಕಾಯಿಲೆ ಏನೆಂದು ಹೇಳುತ್ತಿದ್ದ. ಆಮೇಲೆ ಪೆಟ್ರೋಲ್ ಗಾಡಿಗಳು ಮೊದಲು ಕಡಿಮೆಯಾದವು, ನಂತರ ನಿಂತೇ ಹೋದವು. ಸೊಳ್ಳೆಯಷ್ಟೂ ಸದ್ದು ಮಾಡದ ಸ್ಕೂಟರುಗಳು ಬಂದವು. ಕೇಳಿಸಿಕೊಳ್ಳಲು ಏನೂ ಇಲ್ಲದ ಬೀದಿಯಲ್ಲಿ ಅವನು ಎರಡು ವರ್ಷ ಸುಮ್ಮನೆ ಕುಳಿತ. ಹೊಗೆ ಹೋಗಿದ್ದಕ್ಕೆ ಅವನಿಗೆ ಬೇಸರವಿರಲಿಲ್ಲ, ಇಪ್ಪತ್ತು ವರ್ಷದ ಕೆಮ್ಮು ತಾನಾಗಿ ಬಿಟ್ಟುಹೋಗಿತ್ತು. ಬೇಸರವಿದ್ದದ್ದು ಕೈ ಖಾಲಿಯಿದ್ದದ್ದಕ್ಕೆ. ಕೊನೆಗೆ ಆ ಸದ್ದಿಲ್ಲದ ಸ್ಕೂಟರುಗಳೂ ಹಳತಾದವು, ಅವುಗಳ ಪೆಟ್ಟಿಗೆಗಳು ಗುಜರಿಗೆ ಬೀಳತೊಡಗಿದವು. ಕಿವಿಯ ಕೆಲಸ ಹೋಗಿ ಚರ್ಮದ ಕೆಲಸ ಬಂತು. ಬಿಸಾಡಿದ್ದನ್ನು ಮತ್ತೆ ಬದುಕಿಸುವುದು ಒಳ್ಳೆಯ ಕೆಲಸವೆಂದು ಅವನು ನಂಬಿದ್ದ. ಅದು ಒಳ್ಳೆಯ ಕೆಲಸವೇ ಆಗಿತ್ತು.

ಆದರೆ ಬೇಸಿಗೆಗಳು ಬದಲಾಗುತ್ತಾ ಬಂದವು. ಮೊದಲೆಲ್ಲ ಮಧ್ಯಾಹ್ನ ಎಷ್ಟೇ ಸುಟ್ಟರೂ ಬೆಳಗಿನ ಹೊತ್ತಿಗೆ ಗೋಡೆ ತಣ್ಣಗಾಗುತ್ತಿತ್ತು. ಕೆನ್ನೆಯ ಕೆಲಸವನ್ನು ಅವನು ಆ ತಂಪಿನಲ್ಲೇ ಮುಗಿಸುತ್ತಿದ್ದ. ಈ ವರ್ಷ ಗೋಡೆ ಆರಲೇ ಇಲ್ಲ. ಎದ್ದ ತಕ್ಷಣ ಕುಡಿಯುವ ನೀರೂ ಬೆಚ್ಚಗೆ, ನೆಲ ಬೆಚ್ಚಗೆ, ಸ್ಪ್ಯಾನರ್ ಬೆಚ್ಚಗೆ. ತಟ್ಟೆಯಲ್ಲಿದ್ದ ಸೆಲ್ಲುಗಳೆಲ್ಲ ಕೆನ್ನೆಗಿಂತ ಬಿಸಿ. ಅವನು ಒಂದನ್ನು ಒತ್ತಿದ, ಇನ್ನೊಂದನ್ನು ಒತ್ತಿದ, ಮತ್ತೆ ಮೊದಲಿನದನ್ನೇ ಒತ್ತಿದ.

"ಏನಾಯ್ತು?" ಎಂದಳು ಹೆಂಡತಿ.

"ಎಲ್ಲಕ್ಕೂ ಜ್ವರ."

"ಎಲ್ಲಕ್ಕೂ ಅಂದ್ರೆ ಯಾವುದಕ್ಕೂ ಇಲ್ಲ ಅಂತಲೇ."

"ಅದೇ ಕಣೇ ಕಷ್ಟ."

ಕೆಲಸ ನಿಲ್ಲಿಸಿಬಿಡಬಹುದಿತ್ತು. ಆದರೆ ಅದೇ ವಾರ ಅಕ್ಕನಿಗೆ ಫ್ಯಾನು ಬೇಕಾಯಿತು.

ಅಕ್ಕ ಇದ್ದದ್ದು ನಾಲ್ಕು ಬೀದಿ ಆಚೆ, ಮೂರು ಮಹಡಿಯ ಕಟ್ಟಡದ ತಾರಸಿ ಮೇಲಿನ ಕೋಣೆಯಲ್ಲಿ. ಕೋಣೆಗೆ ತಗಡಿನ ಮಾಡು. ಕೆಳಗಿನ ಮಹಡಿಯಿಂದ ಅಲ್ಲಿಗೆ ಕಡಿದಾದ ಕಬ್ಬಿಣದ ಏಣಿಮೆಟ್ಟಿಲು. ಪಕ್ಕದ ದೊಡ್ಡ ಕಚೇರಿ ಕಟ್ಟಡದ ನೆತ್ತಿಯ ತುಂಬ ಸೌರಫಲಕ ಹಾಸಿದ್ದರು. ಅದರ ಗೋಡೆಗೆ ತಗುಲಿಸಿದ್ದ ಎಸಿ ಯಂತ್ರಗಳು ತಮ್ಮ ಬಿಸಿಯುಸಿರನ್ನೆಲ್ಲ ನೇರ ಅಕ್ಕನ ಕಿಟಕಿಗೆ ಬಿಡುತ್ತಿದ್ದವು. "ಅವರ ಸೆಕೆಯೆಲ್ಲ ನಂಗೆ ಪಾರ್ಸಲ್ ಮಾಡ್ತಾರೆ ಕಣೋ" ಎನ್ನುತ್ತಿದ್ದಳು ಅಕ್ಕ. ತಮ್ಮನ ಮನೆಗೆ ಬಂದಿರು ಎಂದರೆ ಅವಳದು ಒಂದೇ ಉತ್ತರ: "ನಾನು ದುಡಿದು ಹಿಡಿದ ಕೋಣೆ ಇದು. ಇಲ್ಲಿ ನಾನು ರಾಣಿ, ನಿಮ್ಮನೇಲಿ ನಾನು ಅತ್ತಿಗೆ. ಯಾವುದು ಮೇಲು ಹೇಳು?"

ಅತ್ತಿಗೆ ಎಂದು ಕರೆಯುವ ಅವನ ಹೆಂಡತಿ ಇದಕ್ಕೆ, "ನಮ್ಮನೇಲೂ ನೀವೇ ರಾಣಿ ಅತ್ತಿಗೆ, ನಾನು ಬರೀ ಬೆಸುಗೆಯವಳು" ಎನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಅಕ್ಕ ಮಾತ್ರ ಕದಲುತ್ತಿರಲಿಲ್ಲ. ಕದಲಲು ಈಗ ಮಂಡಿಗಳೂ ಬಿಡುತ್ತಿರಲಿಲ್ಲ. ಏಣಿಮೆಟ್ಟಿಲನ್ನು ಒಂದೊಂದೇ ಮೆಟ್ಟಿಲು ಕೂತು ಎದ್ದು ಇಳಿಯಬೇಕಿತ್ತು. ಬಿಸಿಲೇರಿದ ಮೇಲೆ ಆ ಕಬ್ಬಿಣವನ್ನು ಮುಟ್ಟುವಂತೆಯೇ ಇರಲಿಲ್ಲ.

ಊರಿಗೆಲ್ಲ ಸೆಕೆ ಹತ್ತಿದಾಗ ಎಲ್ಲರ ಎಸಿ ಒಟ್ಟಿಗೆ ಓಡುತ್ತಿತ್ತು, ಕರೆಂಟು ಸಾಲದೆ ಮಧ್ಯಾಹ್ನದ ಹೊತ್ತು ಬಡವರ ಬೀದಿಗಳಿಗೆ ತೆಗೆಯುತ್ತಿದ್ದರು. ಸರಿಯಾಗಿ ಬೇಕಾದ ಗಳಿಗೆಯಲ್ಲೇ ಅಕ್ಕನ ಫ್ಯಾನು ನಿಲ್ಲುತ್ತಿತ್ತು. ಒಂದು ದಿನ ಕೋಣೆಯ ಕೆಳಗೇ, ಮೂರನೇ ಮಹಡಿಯಲ್ಲಿದ್ದ ಟೈಲರ್ ಹೆಂಗಸು ಮೇಲೆ ಹೋದಾಗ ಅಕ್ಕ ಗೋಡೆಗೆ ಒರಗಿ ಕೂತು, ಕೇಳಿದ್ದಕ್ಕೆಲ್ಲ ಏನೇನೋ ಉತ್ತರ ಕೊಡುತ್ತಿದ್ದಳಂತೆ. ಟೈಲರ್ ನೀರು ಕುಡಿಸಿ, ತಲೆಗೆ ಒದ್ದೆ ಬಟ್ಟೆ ಹಾಕಿ, ಸಂಜೆ ಅಂಗಡಿಗೆ ಬಂದು ಹೇಳಿದಳು: "ಇನ್ನೊಂದು ಸಲ ಹಿಂಗಾದ್ರೆ ಕಷ್ಟ ಅಣ್ಣ. ಮಧ್ಯಾಹ್ನಕ್ಕೊಂದು ಫ್ಯಾನ್ ಓಡೋ ಹಂಗೆ ಮಾಡು. ಊರಿಗೆಲ್ಲ ಮಾಡ್ತೀಯ, ಒಡಹುಟ್ಟಿದವಳಿಗೆ ಮಾಡಕ್ಕೆ ಏನು ದಾಡಿ?"

ಆ ಮಾತು ಅವನಿಗೆ ನಾಟಿತು. ನಿಜವೆಂದರೆ ಅಂಗಡಿಯಲ್ಲಿ ಎರಡು ವಾರ ಮಲಗಿ ಎದ್ದಿದ್ದ ಮಾಲೆಲ್ಲ ಬೇಸಿಗೆಯ ಬೇಡಿಕೆಗೆ ಖಾಲಿಯಾಗಿ, ತಳ್ಳುಗಾಡಿಯವನಿಗೆ ಒಪ್ಪಿಕೊಂಡಿದ್ದ ಒಂದು ಗಂಟು ಮಾತ್ರ ಉಳಿದಿತ್ತು. ಅದನ್ನು ಮುಟ್ಟುವಂತಿರಲಿಲ್ಲ. ಹೊಸದಾಗಿ ಬಿಡಿಸಿದ ಒಂದು ಪೆಟ್ಟಿಗೆಯ ಸೆಲ್ಲುಗಳಿದ್ದವು, ಆದರೆ ಅವು ಮಲಗಿ ಏಳುವ ತನಕ ಅಕ್ಕ ಕಾಯಬೇಕು.

"ಕೆನ್ನೆ ಒಂದನ್ನೇ ನಂಬಿ ಜೋಡಿಸೋಣ" ಎಂದ.

"ಕೆನ್ನೆಯೇ ಕೈಕೊಟ್ಟಿದೆ ಅಂದ್ರಲ್ಲ?"

"ಅದಕ್ಕೊಂದು ದಾರಿ ಮಾಡಿದ್ದೀನಿ, ಬಾ."

ಬಕೆಟ್ಟಿನ ಮರಳನ್ನು ನೆಲಕ್ಕೆ ಹರವಿ, ನೀರು ಚಿಮುಕಿಸಿ ಗೇಣು ದಪ್ಪದ ಹಾಸಿಗೆ ಮಾಡಿದ್ದ. ಅದರ ಮೇಲೆ ತಗಡಿನ ತಟ್ಟೆ, ತಟ್ಟೆಯಲ್ಲಿ ಚಾರ್ಜಾಗುತ್ತಿದ್ದ ಸೆಲ್ಲುಗಳು, ಸುತ್ತ ಒದ್ದೆ ಗೋಣಿ. ಗೋಣಿಯ ತಂಪಿನಲ್ಲಿ ಕೂತು ಅವನು ಒಂದೊಂದನ್ನೇ ಕೆನ್ನೆಗೆ ಒತ್ತಿದ. ಎಷ್ಟೋ ದಿನಗಳ ನಂತರ ಕೆನ್ನೆಗೆ ತಣ್ಣನೆಯ ಲೋಹ ತಾಗಿತ್ತು. ಅವನ ಮುಖ ಹಗುರಾಯಿತು. "ನೋಡೇ, ಒಂದಕ್ಕೂ ಜ್ವರ ಇಲ್ಲ. ಯಾರೋ ಸ್ಕೂಟರನ್ನ ಮಗು ಥರ ಸಾಕಿದಾರೆ."

"ಒಂದಕ್ಕೂ ಇಲ್ವಾ?" ಎಂದು ಹೆಂಡತಿ ಎರಡು ಸಲ ಕೇಳಿದಳು. ಅವನ ಕೆನ್ನೆಯ ಮೇಲೆ ಅವಳಿಗಿದ್ದ ನಂಬಿಕೆ ಅವಳ ಅನುಮಾನಕ್ಕಿಂತ ದೊಡ್ಡದು. ಬೆಸುಗೆ ಹಾಕಿದಳು.

ಮರುದಿನವೇ ಪೆಟ್ಟಿಗೆ ಅಕ್ಕನ ಮಂಚದ ಕೆಳಗೆ ಕುಳಿತಿತು. ಸ್ಟೂಲಿನ ಮೇಲೆ ಸಣ್ಣ ಫ್ಯಾನು. ಅದರ ಮುಂದೆ ಅಕ್ಕ ಕಣ್ಣು ಮುಚ್ಚಿ ಕೂತು, ಬೆವರಿಗೆ ಅಂಟಿದ್ದ ಕೂದಲು ಹಾರಾಡುವಂತೆ ಮುಖ ಅತ್ತಿತ್ತ ಆಡಿಸಿದಳು. "ಲೋ ತಮ್ಮಾ, ಇಷ್ಟು ವರ್ಷದಲ್ಲಿ ನೀನು ಮಾಡಿದ ಮೊದಲ ಒಳ್ಳೆ ಕೆಲಸ ಇದು. ಆ ಅರ್ಧ ಗಡ್ಡ ಇನ್ಮೇಲೆ ಮಾಫಿ." ಆ ವಾರವೆಲ್ಲ ಅವಳು ಚೆನ್ನಾಗಿದ್ದಳು. ಟೈಲರ್ ಕೂಡ ಮಧ್ಯಾಹ್ನ ಮೇಲೆ ಹೋಗಿ ಗುಂಡಿ ಹೊಲಿಯುತ್ತಾ ಫ್ಯಾನಿನ ಪಾಲು ಪಡೆಯುತ್ತಿದ್ದಳು.

ಅಕ್ಕನ ಪೆಟ್ಟಿಗೆಗೆ ಬೇಕಾದಷ್ಟು ತೆಗೆದು ಉಳಿದಿದ್ದ ಸೆಲ್ಲುಗಳು ಅದೇ ತಟ್ಟೆಯಲ್ಲಿದ್ದವು. ಅವೂ ಕೆನ್ನೆ ದಾಟಿದ ಮಾಲು. ಕಪಾಟಿನಲ್ಲಿ ಮಲಗಿಸುವ ಮೊದಲು ಪೂರ್ತಿ ತುಂಬಿಸೋಣವೆಂದು ಒಂದು ಬೆಳಿಗ್ಗೆ ಅವನು ಅವನ್ನು ಚಾರ್ಜಿಗೆ ಹಾಕಿದ. ಮರಳಿಗೆ ನೀರು ಹಾಕಿರಲಿಲ್ಲ, ಅಷ್ಟರಲ್ಲಿ ಅದು ಒಣಗಿ ಹುಡಿಯಾಗಿತ್ತು. ಬೇರೆ ಕೆಲಸ ಮುಗಿಸಿ ಬಂದು ತಟ್ಟೆಯ ಅಂಚು ಹಿಡಿದ. ಕೈ ಚುರುಗುಟ್ಟಿತು. ಚಾರ್ಜು ಕಿತ್ತು ಒಂದೊಂದೇ ಸೆಲ್ ಎತ್ತಿದ. ಮೂಲೆಯಲ್ಲಿದ್ದ ಒಂದು ಸೆಲ್ಲಿನ ಜ್ವರ ತಿಳಿಯಲು ಕೆನ್ನೆ ಬೇಕಾಗಲಿಲ್ಲ, ಚಪ್ಪಲಿಯಂಥ ಬೆರಳುಗಳೇ ಅದನ್ನು ಕೆಳಗೆ ಬಿಟ್ಟವು. ಇಕ್ಕಳದಲ್ಲಿ ಹಿಡಿದು ಅದನ್ನು ಅಂಗಳಕ್ಕೆ ಎಸೆದ.

"ಇದು ಪಾಸಾಗಿತ್ತಲ್ಲ?" ಎಂದಳು ಹೆಂಡತಿ.

ಅವನು ಒಣಗಿದ ಮರಳನ್ನೂ ತಟ್ಟೆಯನ್ನೂ ನೋಡುತ್ತಾ ನಿಂತ. ಆ ದಿನ ತಟ್ಟೆಯಡಿಯಿದ್ದ ಒದ್ದೆ ಮರಳು ಬರೀ ತಂಪು ಕೊಟ್ಟಿರಲಿಲ್ಲ, ಸೆಲ್ಲಿನೊಳಗಿನ ಬಿಸಿ ಹುಟ್ಟಿದ ಹಾಗೆಲ್ಲ ತಗಡಿನ ಮೂಲಕ ಎಳೆದುಕೊಂಡು ನುಂಗಿಬಿಟ್ಟಿತ್ತು. ಅವನ ಕೆನ್ನೆ ಮುಟ್ಟಿದ್ದು ಸೆಲ್ಲನ್ನಲ್ಲ, ಮರಳಿನ ತಂಪನ್ನು. ಜ್ವರದ ಮೈಗೆ ಒದ್ದೆ ಬಟ್ಟೆ ಹಾಕಿ, ಆ ಬಟ್ಟೆ ಮುಟ್ಟಿ ಜ್ವರವಿಲ್ಲ ಎಂದಂತಾಗಿತ್ತು. ಇದೇ ತಟ್ಟೆಯಿಂದ, ಇದೇ ಪೆಟ್ಟಿಗೆಯಿಂದ ಎತ್ತಿದ ಸೆಲ್ಲುಗಳು ಈಗ ಅಕ್ಕನ ಮಂಚದ ಕೆಳಗಿದ್ದವು.

"ನಾನು ಬರ್ತೀನಿ" ಎಂದು ಚಪ್ಪಲಿ ಮೆಟ್ಟಿದವನು ಅರ್ಧ ದಾರಿಯಿಂದ ಓಡತೊಡಗಿದ.

ಬಿಸಿಲು ನೆತ್ತಿಗೆ ಬಂದಿತ್ತು. ಬೀದಿಯಲ್ಲಿ ನಾಯಿಗಳೂ ಇರಲಿಲ್ಲ. ಕಬ್ಬಿಣದ ಮೆಟ್ಟಿಲಿನ ಕಂಬಿಯನ್ನು ಅಂಗಿಯ ತುದಿಯಲ್ಲಿ ಹಿಡಿದುಕೊಂಡು ಹತ್ತಿದ. ಕೋಣೆಯ ಬಾಗಿಲು ತೆರೆದರೆ ಒಲೆಯ ಬಾಯಿ ತೆರೆದಂತಾಯಿತು. ಅಕ್ಕ ನೆಲದ ಮೇಲೆ ಒದ್ದೆ ಟವೆಲು ಹಾಸಿ, ಫ್ಯಾನಿನ ಕಡೆ ಮುಖ ಮಾಡಿ ಮಲಗಿದ್ದಳು.

"ಏನೋ ಇದು, ಈ ಬಿಸಿಲಲ್ಲಿ? ಯಾರಾದ್ರೂ ಹೋದ್ರಾ?"

"ಯಾರೂ ಹೋಗಿಲ್ಲ. ಏಳಕ್ಕಾ. ಪೆಟ್ಟಿಗೆ ತಗೊಂಡು ಹೋಗಬೇಕು."

"ಯಾವ ಪೆಟ್ಟಿಗೆ?"

ಅವನು ಆಗಲೇ ಮಂಚದಡಿ ತೂರಿದ್ದ. ಪೆಟ್ಟಿಗೆಯನ್ನು ಮುಟ್ಟಿದ. ಬಿಸಿಯಿತ್ತು. ಪಕ್ಕದ ನೆಲ ಮುಟ್ಟಿದ, ಅದೂ ಅಷ್ಟೇ ಬಿಸಿ. ಮಂಚದ ಕಾಲು, ಗೋಡೆ, ಸ್ಟೂಲು, ಎಲ್ಲ ಒಂದೇ ಬಿಸಿ. ಮುಖವನ್ನು ಪೆಟ್ಟಿಗೆಗೆ ಒತ್ತಿದ. ಕೆನ್ನೆಗೆ ಏನೂ ತಿಳಿಯಲಿಲ್ಲ. ಅಕ್ಕ ಬಗ್ಗಿ ನೋಡಿ, "ಅದಕ್ಕೆ ಮುತ್ತು ಕೊಡೋಕೆ ಅಷ್ಟು ದೂರದಿಂದ ಓಡಿ ಬಂದ್ಯಾ?" ಎಂದಳು.

"ಇದರಲ್ಲಿ ಜ್ವರದ ಸೆಲ್ ಇರಬಹುದು ಅಕ್ಕಾ. ಹೊತ್ಕೊಂಡ್ರೆ ಈ ಕೋಣೆ ಒಂದು ಗಳಿಗೇಲಿ ಹೋಗುತ್ತೆ. ನೀನು ಇಳಿಯೋದು ಯಾವಾಗ, ಆರಿಸೋದು ಯಾವಾಗ?"

"ಇರಬಹುದು ಅಂದ್ರೆ? ಇದೆಯೋ ಇಲ್ವೋ?"

"ಗೊತ್ತಾಗ್ತಿಲ್ಲ."

"ವಾರದಿಂದ ಹೊತ್ಕೊಂಡಿಲ್ವಲ್ಲೋ. ಸಂಜೆವರೆಗೆ ಇರಲಿ ಬಿಡು. ಫ್ಯಾನ್ ತೆಗೆದ್ರೆ ನಾನು ಹೆಂಗೆ ಕೂರಲಿ ಇಲ್ಲಿ?"

"ಮನೆಗೆ ನಡಿ ಹಂಗಾದ್ರೆ. ಈಗಲೇ."

ಅಕ್ಕ ಬಾಗಿಲಾಚೆ ಕುದಿಯುತ್ತಿದ್ದ ಮೆಟ್ಟಿಲುಗಳನ್ನು ನೋಡಿದಳು. "ಆ ಕಬ್ಬಿಣದ ಮೇಲೆ ಕೂತು ಕೂತು ಇಳಿದ್ರೆ ನನ್ನ ಸೊಂಟಕ್ಕೇ ಇಸ್ತ್ರಿ ಬೀಳುತ್ತೆ. ಹೊತ್ತು ಇಳೀಲಿ. ಸಂಜೆ ನೀನೂ ಅವಳೂ ಬನ್ನಿ, ಒಂದು ರಾತ್ರಿ ಅಲ್ಲ, ಒಂದು ವಾರ ಬಂದು ಇರ್ತೀನಿ. ಆಯ್ತಾ?"

ಇಷ್ಟು ಸುಲಭಕ್ಕೆ ಅಕ್ಕ ಒಪ್ಪಿದ್ದು ಅದೇ ಮೊದಲು. ಆ ಸಮಾಧಾನದಲ್ಲೇ ಅವನು ಸೋತ. ಕರೆಂಟು ದಿನಾ ನಾಲ್ಕಕ್ಕೆ ಬರುತ್ತದೆ, ಅಲ್ಲಿಯವರೆಗೆ ಎರಡೂವರೆ ಗಂಟೆ, ಒದ್ದೆ ಟವೆಲು ಇದೆ, ಕೆಳಗೆ ಟೈಲರ್ ಇದ್ದಾಳೆ ಎಂದು ಲೆಕ್ಕ ಹಾಕಿದ. ಬೆಂಕಿಯನ್ನು ಅವನು ಕಣ್ಣಾರೆ ಕಂಡಿದ್ದ. ಬೇರೆ ಅಂಗಡಿಯವರ ಪೆಟ್ಟಿಗೆಯೊಂದು ಹೊತ್ತಿ ಎದುರು ಸಾಲಿನ ಮಳಿಗೆಯೇ ಬೂದಿಯಾಗಿತ್ತು. ಸೆಕೆ ಮನುಷ್ಯರನ್ನು ಕೊಲ್ಲುವುದನ್ನು ಅವನು ಕಂಡಿರಲಿಲ್ಲ. ಅದಕ್ಕೆ ಹೊಗೆಯಿಲ್ಲ, ವಾಸನೆಯಿಲ್ಲ, ಯಾರೂ ಕಿರುಚಿಕೊಂಡು ಓಡುವುದಿಲ್ಲ.

"ಬಕೆಟ್ ತುಂಬಿಸಿ ಇಡ್ತೀನಿ. ಮೈಗೆ ಹಾಕ್ಕೊಳ್ತಾ ಇರು."

ನಲ್ಲಿ ತಿರುಗಿಸಿದ. ತಾರಸಿಯ ಕಪ್ಪು ಟ್ಯಾಂಕಿನಿಂದ ಬಂದ ನೀರು ಕೈ ಸುಟ್ಟಿತು. "ಆರಲಿ ಬಿಡು, ಆಮೇಲೆ ಹಾಕ್ಕೊಳ್ತೀನಿ" ಎಂದಳು ಅಕ್ಕ. "ನಾನು ಮೂವತ್ತು ವರ್ಷ ಹಬೆ ಕುಡಿದವಳು ಕಣೋ, ಎರಡು ಮೂರು ತಾಸಿಗೆ ಸಾಯಲ್ಲ. ಹೋಗು. ಹೋಗ್ತಾ ಬಾಗಿಲು ಹಾಕು, ಬಿಸಿಗಾಳಿ ಬರುತ್ತೆ."

ಅವನು ಪೆಟ್ಟಿಗೆಯನ್ನು ಗೋಣಿಯಲ್ಲಿ ಸುತ್ತಿ, ಹೆಗಲಿಗೇರಿಸಿ, ಕೂಸಿನಂತೆ ಒಂದು ಕೈಯಲ್ಲಿ ಬೆನ್ನು ತಡವುತ್ತಾ ಮೆಟ್ಟಿಲಿಳಿದ. ಕೆಳಗೆ ಟೈಲರ್‌ಗೆ ಹೇಳಿದ. "ಆಗಾಗ ಹೋಗಿ ನೋಡ್ತಾ ಇರಮ್ಮ." ಅವಳು ಬಾಯಲ್ಲಿ ದಾರ ಕಚ್ಚಿಕೊಂಡೇ ತಲೆಯಾಡಿಸಿದಳು.

ಅಂಗಡಿಗೆ ಬಂದವನು ಪೆಟ್ಟಿಗೆಯನ್ನು ಅಂಗಳದಲ್ಲಿ ಮರಳಿನಡಿ ಹೂತ. ತಳ್ಳುಗಾಡಿಯವನಿಗೆ ಎತ್ತಿಟ್ಟಿದ್ದ ಗಂಟನ್ನು ಬಿಚ್ಚಿದ. ಅವು ಚಳಿಗಾಲದಲ್ಲೇ ಕೆನ್ನೆ ದಾಟಿ, ಮಲಗಿ ಎದ್ದ ಸೆಲ್ಲುಗಳು. "ಅವನಿಗೆ ನಾನು ಹೇಳ್ಕೊಳ್ತೀನಿ, ಇದನ್ನ ಅಕ್ಕನಿಗೆ ಮಾಡು" ಎಂದ. ಹೆಂಡತಿ ಬೆಸುಗೆಯ ಯಂತ್ರ ಹಚ್ಚಲು ಹೋದಳು. ಕರೆಂಟು ಇರಲಿಲ್ಲ. ನಾಲ್ಕಾಯಿತು, ಬರಲಿಲ್ಲ. ಮುಖ್ಯ ರಸ್ತೆಯ ಟ್ರಾನ್ಸ್‌ಫಾರ್ಮರ್ ಕಾದು ಸಿಡಿದಿದೆಯೆಂದು ಕ್ಷೌರದಂಗಡಿಯವನು ಸುದ್ದಿ ತಂದ. ಆಗ ಇಬ್ಬರೂ ಸೆಲ್ಲುಗಳನ್ನು ಜೋಡಿಸುವ ಹೊಳೆಯುವ ಲೋಹದ ಪಟ್ಟಿಗಳನ್ನು ಕೈಯಲ್ಲೇ, ಗ್ಯಾಸಿನ ಮೇಲೆ ಕಾಯಿಸಿದ ಕಡ್ಡಿಯಿಂದ ಒಂದೊಂದಾಗಿ ಅಂಟಿಸತೊಡಗಿದರು. ಬೆವರು ಸೆಲ್ಲುಗಳ ಮೇಲೆ ತೊಟ್ಟಿಕ್ಕದಂತೆ ಹಣೆಗೆ ಬಟ್ಟೆ ಕಟ್ಟಿಕೊಂಡಿದ್ದರು.

"ಮೊದಲು ಅತ್ತಿಗೇನ ಕರ್ಕೊಂಡು ಬರೋಣ್ವಾ?" ಎಂದು ಅವಳು ನಡುವೆ ಒಮ್ಮೆ ಕೇಳಿದಳು.

"ಇನ್ನೆರಡು ಸಾಲು. ಪೆಟ್ಟಿಗೆ ಮುಗಿಸ್ಕೊಂಡೇ ಹೋಗೋಣ. ಕರೆಂಟ್ ಬರದೇ ಇದ್ರೆ ರಾತ್ರಿ ಇಲ್ಲಾದ್ರೂ ಬೇಕಲ್ಲ."

ಬಿಸಿಲು ಇಳಿಯುತ್ತಿದ್ದಾಗ ಟೈಲರ್ ಓಡಿಬಂದಳು. ಕಾಲಲ್ಲಿ ಚಪ್ಪಲಿಯಿರಲಿಲ್ಲ, ಕೊರಳಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು. "ಮಾತಾಡ್ತಿಲ್ಲ ಅಣ್ಣ. ಮೂರು ಗಂಟೆಗೆ ಹೋದಾಗ 'ನಿದ್ದೆ ಬರ್ತಿದೆ, ಬಿಡೇ' ಅಂದ್ರು. ನಾನೂ ಮಲಗಲಿ ಅಂತ ಬಂದ್ಬಿಟ್ಟೆ. ಈಗ ಮೈ ಮುಟ್ಟಿದ್ರೆ ಬೆವರೇ ಇಲ್ಲ, ಒಣಗಿದೆ."

ಅವನು ಮತ್ತೆ ಆ ಮೆಟ್ಟಿಲು ಹತ್ತಿದ. ಅಕ್ಕನನ್ನು ಬೆನ್ನಿಗೆ ಹಾಕಿಕೊಂಡು, ಹೆಂಡತಿ ಹಿಂದಿನಿಂದ ಹಿಡಿದುಕೊಂಡು, ಇಳಿಸಿದರು. ಬಕೆಟ್ಟಿನ ನೀರು ಮುಟ್ಟದೆ ಹಾಗೇ ಇತ್ತು. ಆಸ್ಪತ್ರೆಯ ಮೊಗಸಾಲೆಯ ನೆಲದ ಮೇಲೆ ಸಾಲಾಗಿ ಮಲಗಿಸಿದ್ದ ಜನರ ಮೈಗೆ ನರ್ಸುಗಳು ಮಗ್ಗಿನಲ್ಲಿ ನೀರು ಸುರಿಯುತ್ತಿದ್ದರು. ಎಲ್ಲರೂ ತಾರಸಿ ಕೋಣೆಯವರು, ತಗಡಿನ ಮಾಡಿನವರು, ಬಿಸಿಲಲ್ಲಿ ಕಲ್ಲು ಮಣ್ಣು ಹೊತ್ತವರು. ಮಂಜುಗಡ್ಡೆ ಮುಗಿದು ಬಹಳ ಹೊತ್ತಾಗಿತ್ತು. ಡಾಕ್ಟರು ಅಕ್ಕನ ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, "ಎಷ್ಟು ಹೊತ್ತಿನಿಂದ ಹಿಂಗೆ?" ಎಂದರು. ದೀಪ ಹಚ್ಚುವ ಹೊತ್ತಿಗೆ ಅಕ್ಕ ಹೋಗಿದ್ದಳು.

ಮುಂದಿನ ದಿನಗಳಲ್ಲಿ ಬಂದು ಮಾತಾಡಿಸಿದವರೆಲ್ಲ ಸೆಕೆಯನ್ನು ಬೈದರು, ಕರೆಂಟಿನವರನ್ನು ಬೈದರು, ಪಕ್ಕದ ಕಟ್ಟಡದ ಎಸಿಗಳನ್ನು ಬೈದರು. ಅವನನ್ನು ಯಾರೂ ಬೈಯಲಿಲ್ಲ. "ಅಲ್ಲಿದ್ದ ಫ್ಯಾನಿನ ಪೆಟ್ಟಿಗೇನ ನಾನೇ ತಗೊಂಡು ಬಂದೆ" ಎಂದು ಅವನಾಗಿ ಹೇಳಿದರೂ ಜನ, "ಒಳ್ಳೇದಕ್ಕೇ ಅಲ್ವಾ ತಂದಿದ್ದು" ಎಂದು ತೇಲಿಸಿಬಿಟ್ಟರು. ಗಡ್ಡ ಎರಡೂ ಕಡೆ ಸಮನಾಗಿ ಬೆಳೆಯಿತು. ಹೆಂಡತಿ ಅಂಗಳದ ಮರಳಿನಿಂದ ಪೆಟ್ಟಿಗೆಯನ್ನು ತೆಗೆದು, ತಾನೇ ಬಿಡಿಸಿ, ಸೆಲ್ಲುಗಳನ್ನು ತುಂಬಿಸಿ ಕಪಾಟಿನಲ್ಲಿ ಮಲಗಿಸಿದಳು. ಎರಡು ವಾರದ ಮೇಲೆ ಮೀಟರು ಹಿಡಿದಳು. ಕೊನೆಯ ಸಾಲಿನಲ್ಲಿ ಒಂದು ಸೆಲ್ಲಿನ ಮುಳ್ಳು ಏಳಲೇ ಇಲ್ಲ.

"ನೋಡಿ ಇಲ್ಲಿ" ಎಂದು ಅವನ ಮುಂದೆ ತಂದಿಟ್ಟಳು. ಅವಳ ದನಿಯಲ್ಲಿ ಎಷ್ಟೋ ದಿನದಿಂದ ಹಿಡಿದಿಟ್ಟಿದ್ದ ಉಸಿರಿತ್ತು. "ಇತ್ತು. ಜ್ವರದ್ದು ಇತ್ತು. ನೀವು ತಂದಿದ್ದು ಸರಿಯಾಯ್ತು ರೀ."

ಅವನು ಸೆಲ್ಲನ್ನು ಅಂಗೈಯಲ್ಲಿಟ್ಟು ನೋಡಿದ. "ಇಲ್ಲದೇ ಇದ್ದಿದ್ರೆ ಚೆನ್ನಾಗಿರ್ತಿತ್ತು" ಎಂದ.

"ಯಾಕ್ರೀ?"

"ತಪ್ಪು ಮಾಡಿದೆ ಅಂತಾದ್ರೂ ಅಳಬಹುದಿತ್ತು."

ಸೆಕೆ ಇಳಿದಿರಲಿಲ್ಲ. ಅಂಗಡಿಗೆ ಜನ ಹೆಚ್ಚುತ್ತಲೇ ಇದ್ದರು. ಎಲ್ಲರಿಗೂ ಅವನು ಮೂರು ವಾರವಾಗುತ್ತದೆ ಎನ್ನುತ್ತಿದ್ದ, ಕೆಲವರು ಬೇರೆ ಅಂಗಡಿಗೆ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಟೈಲರ್ ಬಂದಳು. ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು.

"ಮೇಲಿನ ಕೋಣೆ ಖಾಲಿ ಆದ್ಮೇಲೆ ಅದರ ಕಾವೆಲ್ಲ ನನ್ನ ತಲೆ ಮೇಲೇ ಇಳೀತಿದೆ ಅಣ್ಣ. ನಿನ್ನೆ ಮಷೀನ್ ತುಳೀತಾ ತುಳೀತಾ ಕಣ್ಣು ಕತ್ತಲೆ ಬಂತು. ನಂಗೂ ಒಂದು ಫ್ಯಾನ್ ಪೆಟ್ಟಿಗೆ ಮಾಡ್ಕೊಡು. ನಾಳೆ ನಾಡಿದ್ದರೊಳಗೆ."

ಹೆಂಡತಿ ಕೆಲಸ ನಿಲ್ಲಿಸಿ ಅವನ ಮುಖ ನೋಡಿದಳು.

"ನಾಳೆ ಆಗಲ್ಲ" ಎಂದ ಅವನು. "ಬೇಗ ಬೇಕು ಅಂದ್ರೆ ನಾನು ಮಾಡಲ್ಲ. ನೀನು ಇಲ್ಲಿಗೆ ಬಂದ್ಬಿಡು. ಅಂಗಡಿ ಹಿಂದಿನ ಕೋಣೆ ನೆಲಮಟ್ಟದ್ದು, ಗೋಡೆ ದಪ್ಪ ಇದೆ. ಪೆಟ್ಟಿಗೆ ಆಗೋವರೆಗೆ ಅಲ್ಲೇ ಕೂತು ಹೊಲಿ."

"ಬರೀ ನಾನು ಬಂದ್ರೆ ಆಯ್ತಾ? ನನ್ನ ಹೊಟ್ಟೆಪಾಡು ಮಷೀನಲ್ಲಿದೆ. ಅಜ್ಜಿ ಕಾಲದ್ದು ಅದು, ಕಬ್ಬಿಣದ ಕಾಲು, ಇಬ್ಬರು ಗಂಡಸರು ಬೇಕು ಎತ್ತಕ್ಕೆ."

"ಎತ್ತೋಣ ನಡಿ."

"ಈಗ್ಲಾ? ಬಿಸಿಲೇರ್ತಾ ಇದೆ. ಸಂಜೆ ತಂಪಾದ್ಮೇಲೆ..."

"ಸಂಜೆ ಬೇಡ" ಎಂದು ಅವನು ಎದ್ದೇಬಿಟ್ಟ. ದನಿ ಅಷ್ಟು ಜೋರಾಗಿತ್ತೆಂದರೆ ಕ್ಷೌರದಂಗಡಿಯವನು ಕತ್ತಿ ಹಿಡಿದುಕೊಂಡೇ ಹೊರಗಿಣುಕಿದ.

ಟೈಲರ್ ಕೋಣೆಯಲ್ಲಿ ಮಷೀನು ಕಿಟಕಿಯ ಬಳಿಯಿತ್ತು. ಟೈಲರ್ ದಾರದುಂಡೆ ತೆಗೆದು, ಬೆಲ್ಟು ಕಳಚಿ, ತುಳಿಯುವ ಹಲಗೆಯನ್ನು ಹಗ್ಗದಿಂದ ಬಿಗಿದಳು. ಅವನು ಕುಕ್ಕರಗಾಲಲ್ಲಿ ಕೂತು, ಇಡೀ ಮಷೀನನ್ನು ಕಾಲು ಸಮೇತ ಬೆನ್ನಿಗೆ ಒರಗಿಸಿಕೊಂಡ. ಹೆಂಡತಿ ಹಿಂದಿನಿಂದ ಅಂಚು ಹಿಡಿದಳು. "ಒಂದ್ನಿಮಿಷ, ಇನ್ನೊಬ್ಬರನ್ನ ಕರೀತೀನಿ, ಸೊಂಟ ಮುರ್ಕೋತೀಯ" ಎಂದು ಟೈಲರ್ ಹೇಳುವಷ್ಟರಲ್ಲಿ ಎದ್ದು ನಿಂತಿದ್ದ.

ಮೊದಲ ನಾಲ್ಕು ಮೆಟ್ಟಿಲಿನಲ್ಲೇ ಅವನಿಗೆ ಭಾರ ತಿಳಿಯಿತು. ಬೆನ್ನಿಗೆ ಗೊತ್ತಿದ್ದ ಇನ್ನೊಂದು ಭಾರವಿತ್ತು, ಅದನ್ನೂ ಇದೇ ಮೆಟ್ಟಿಲುಗಳ ಮೇಲೆ ಹೊತ್ತಿದ್ದ. ಇಸ್ತ್ರಿಯ ಮುಂದೆ ನಿಂತು ಕರಗಿಹೋಗಿದ್ದ ಅಕ್ಕ ಮೂಟೆಯಷ್ಟೂ ಇರಲಿಲ್ಲ. ಈ ಮಷೀನು ಅವಳಿಗಿಂತ ಭಾರವಾಗಿತ್ತು. ಆ ಮಧ್ಯಾಹ್ನ ಪೆಟ್ಟಿಗೆಯನ್ನು ಹೆಗಲಿಗೇರಿಸುವ ಬದಲು ಅವಳನ್ನು ಏರಿಸಿದ್ದರೆ, ಬೈದುಕೊಂಡಾದರೂ, ಗುದ್ದಿಕೊಂಡಾದರೂ, ಅವಳು ಇಳಿದಿರುತ್ತಿದ್ದಳು. ಪೆಟ್ಟಿಗೆ ಅಲ್ಲೇ ಉರಿಯಲಿ ಬಿಡಲಿ. ಜ್ವರ ಯಾವುದಕ್ಕಿದೆ ಎಂದು ನೋಡಲು ಅವನು ಮಂಚದಡಿ ತೂರಿದ್ದ, ಮಂಚದ ಪಕ್ಕ ಮಲಗಿದ್ದವಳ ಹಣೆ ಮುಟ್ಟಿರಲಿಲ್ಲ.

"ಮಧ್ಯದ ಮಹಡೀಲಿ ಇಳಿಸು ಅಣ್ಣ, ಸುಧಾರಿಸ್ಕೋ" ಎಂದಳು ಟೈಲರ್.

ಅವನು ಇಳಿಸಲಿಲ್ಲ. ಗೋಡೆಗೆ ಭುಜ ಕೊಟ್ಟು ತಿರುವು ದಾಟಿದ. ಹಿಂದಿನಿಂದ ಹೆಂಡತಿ, "ಅಳ್ತಿದ್ದೀರಾ?" ಎಂದಳು, ಮೆಲ್ಲಗೆ, ಅವನಿಗೆ ಮಾತ್ರ ಕೇಳುವಂತೆ.

"ಮೆಟ್ಟಿಲು ನೋಡು" ಎಂದ ಅವನು. "ಇನ್ನೂ ಹತ್ತು ಇವೆ."